ಸಹಾಯ ಬೇಕು: ಅಪ್ಪನ ಮಳೆ ಲೆಕ್ಕವನ್ನು ಹವಾಮಾನ ಮಾದರಿಯ ಜೊತೆ ಹೋಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬಸವನಗುಡಿಯ ನಮ್ಮ ಮನೆ ತಾರಸಿಯಲ್ಲಿ ಅಪ್ಪ 1988ರಿಂದ ಮಳೆ ಅಳೆದು ಬರೆದಿಟ್ಟಿದ್ದಾರೆ. ದಿನಾ ಬೆಳಿಗ್ಗೆ ಎಂಟೂವರೆಗೆ, ನೀಲಿ ಇಂಕಿನಲ್ಲಿ. ಹವಾಮಾನ ಇಲಾಖೆಯವರು ಅಳೆಯುವ ಹೊತ್ತೂ ಅದೇ.

ಇದನ್ನು ಹವಾಮಾನ ಮಾದರಿಗಳ, ಅಂದರೆ ಹವಾಮಾನವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂಗಳ, ಜೊತೆ ಇಟ್ಟು ನೋಡುವ ಆಸೆ. ಆದರೆ ಜಾಗತಿಕ ಮಾದರಿ ಭೂಮಿಯನ್ನು ಚೌಕಗಳಾಗಿ ಹಂಚಿ ಲೆಕ್ಕ ಹಾಕುತ್ತದೆ, ಒಂದು ಚೌಕವೇ ಸುಮಾರು 100 ಕಿ.ಮೀ. ಅಗಲ. ಜಯನಗರದಲ್ಲಿ ಜೋರು ಮಳೆ ಬಂದ ದಿನ ಹೆಬ್ಬಾಳ ಒಣಗಿರುತ್ತದೆ, ಅಲ್ವಾ? ಸುಮ್ನೆ ಪಕ್ಕಪಕ್ಕ ಇಟ್ಟರೆ ತಪ್ಪಾಗುತ್ತದೆ. ಇಲಾಖೆಯ 0.25 ಡಿಗ್ರಿ (ಸುಮಾರು 27 ಕಿ.ಮೀ.) ಚೌಕಗಳ ಮಳೆ ದತ್ತಾಂಶವನ್ನು ನಡುವೆ ಬಳಸಬಹುದಾ?

ಇನ್ನೊಂದು ತೊಂದರೆ. 2009ರಲ್ಲಿ ಪಕ್ಕದಲ್ಲಿ ಮೂರು ಮಹಡಿ ಎದ್ದ ಮೇಲೆ ಮಾಪಕಕ್ಕೆ ಮಳೆ ಮರೆಯಾಗಿದೆ. ಆ ವ್ಯತ್ಯಾಸ ಸರಿಪಡಿಸುವುದು ಹೇಗೆ? ತಿಳಿದವರು ದಯವಿಟ್ಟು ಹೇಳಿ, ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಕಳಿಸುತ್ತೇನೆ.