ಹಳೆಯ ಬುಲೆಟ್‌ನ ಹಿಂಬದಿ ಓಲಾಟ: ಶಾಕ್ ಅಬ್ಸಾರ್ಬರ್ ಮೊದಲೋ, ಬುಶ್ ಮೊದಲೋ?

ಕೇಳಿದವರು, ಕದ್ರಿ, ಮಂಗಳೂರು

ನಮ್ಮ ತಂದೆಯವರು ಎಂಬತ್ತರ ದಶಕದಲ್ಲಿ ಕೊಂಡಿದ್ದ ಬುಲೆಟ್ ಸ್ಟ್ಯಾಂಡರ್ಡ್ 350 ಹಲವು ಮಳೆಗಾಲಗಳನ್ನು ಶೆಡ್ಡಿನಲ್ಲೇ ಕಳೆದು ಈಗ ಮತ್ತೆ ರಸ್ತೆಗಿಳಿದಿದೆ. ಎಂಜಿನ್ನಿನ ಬಗ್ಗೆ ದೂರಿಲ್ಲ. ಆದರೆ ತಿರುವಿನಲ್ಲಿ ಹಿಂಬದಿ ಅಡ್ಡಕ್ಕೆ ಓಲಾಡುತ್ತದೆ, ಹೊಂಡಕ್ಕೆ ಇಳಿದಾಗ ಎಡಬದಿಯಿಂದ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಕೇಳುತ್ತದೆ, ಬಲಬದಿಯ ಶಾಕ್ ಅಬ್ಸಾರ್ಬರ್‌ನ ಮೈಮೇಲೆ ಎಣ್ಣೆಯ ಜಿಡ್ಡು ಕಾಣುತ್ತದೆ. ಹಳೆಯ ಜೋಡಿಯನ್ನು ಎಸೆದು ಗ್ಯಾಸ್ ಶಾಕ್ ಅಬ್ಸಾರ್ಬರ್ ಹಾಕಿಸಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುತ್ತಾರೆ ಗ್ಯಾರೇಜಿನವರು. ಗಾಡಿಯ ಮೂಲರೂಪವನ್ನು ಉಳಿಸಿಕೊಳ್ಳಬೇಕೆಂಬುದು ನನ್ನ ಆಸೆ. ಇಂಥ ಕೆಲಸ ಮಾಡಿಸಿದವರು ಅಥವಾ ಮಾಡಿದವರು ದಯವಿಟ್ಟು ತಿಳಿಸಬೇಕು.

ಉಡುಪಿಯಿಂದ, ಹಳೆಯ ಬೈಕುಗಳ ದುರಸ್ತಿಯಲ್ಲಿ ತೊಡಗಿರುವವರು

ತಾವು ಹೇಳಿದ ಮೂರು ಲಕ್ಷಣಗಳಲ್ಲಿ ಎಣ್ಣೆಯ ಜಿಡ್ಡು ಮಾತ್ರ ನಿಶ್ಚಯವಾಗಿ ಶಾಕ್ ಅಬ್ಸಾರ್ಬರ್‌ಗೆ ಸೇರಿದ್ದು. ಅಡ್ಡಕ್ಕೆ ಓಲಾಡುವುದು ಬೇರೆ ಕಾಯಿಲೆ. ಶಾಕ್ ಅಬ್ಸಾರ್ಬರ್ ಸತ್ತ ಗಾಡಿ ಮೇಲೆ ಕೆಳಗೆ ಕುಣಿಯುತ್ತದೆ. ಪಕ್ಕಕ್ಕೆ ಜಾರಿದಂತಾಗುವುದು ಬಹುಪಾಲು ಸ್ವಿಂಗ್ ಆರ್ಮಿನ (ಹಿಂಚಕ್ರವನ್ನು ಫ್ರೇಮಿಗೆ ಸೇರಿಸಿ ಮೇಲೆ ಕೆಳಗೆ ಆಡುವ ತೋಳಿನ) ಸ್ಪಿಂಡಲ್, ಅಂದರೆ ಆ ತೋಳು ತಿರುಗುವ ದಂಡ, ಮತ್ತು ಅದು ಕೂರುವ ಕೊಳವೆಯಂಥ ಬುಶ್ಶು ಸವೆದಾಗ. ಹೊಸ ಗ್ಯಾಸ್ ಜೋಡಿ ಹಾಕಿಸಿ ಹಣ ಕಳೆದುಕೊಂಡ ಮೇಲೂ ಆಗುಂಬೆ ಘಾಟಿಯ ತಿರುವುಗಳಲ್ಲಿ ಹಿಂದೆ ಕುಳಿತವರು ಬೆವರುವ ಗಾಡಿಗಳನ್ನು ನಾನು ಕಂಡಿದ್ದೇನೆ. ಆದ್ದರಿಂದ ಸದ್ಯಕ್ಕೆ ಏನನ್ನೂ ಕೊಳ್ಳದಿರಿ.

ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಒಬ್ಬರು ಮುಂಭಾಗವನ್ನು ಅಲುಗದಂತೆ ಹಿಡಿದಿರಲಿ. ತಾವು ಹಿಂಚಕ್ರವನ್ನು ಎಡಬಲಕ್ಕೆ ಅಲುಗಿಸಿ ನೋಡಿ. ಚಕ್ರ ಅಲುಗುವಾಗ ಸ್ವಿಂಗ್ ಆರ್ಮಿನ ತುದಿ ಅಲುಗದಿದ್ದರೆ ದೋಷ ಚಕ್ರದ ಬೇರಿಂಗಿನದು. ತುದಿಯೂ ಜೊತೆಯಲ್ಲೇ ಅಲುಗಿ, ಫ್ರೇಮಿಗೆ ಆರ್ಮ್ ಸೇರುವ ಕಡೆ ಬೆರಳಿಟ್ಟಾಗ ಸಡಿಲ ತಿಳಿದುಬಂದರೆ ಬುಶ್ಶಿನದು. ಆಮೇಲೆ ಚಕ್ರವನ್ನೂ ಶಾಕ್ ಅಬ್ಸಾರ್ಬರ್‌ಗಳ ಕೆಳಗಿನ ಬೋಲ್ಟುಗಳನ್ನೂ ಬಿಚ್ಚಿ ಆರ್ಮನ್ನು ಕೈಯಿಂದ ಎತ್ತಿ ಇಳಿಸಿರಿ. ಎಲ್ಲೂ ತಡೆಯದೆ, ಹಾಗೆಂದು ಕಳಚಿ ಬಿದ್ದಂತೆಯೂ ಅಲ್ಲದೆ ಅದು ಚಲಿಸಬೇಕು. ನಡುವೆ ಒಂದೆಡೆ ಹಿಡಿದು ಇನ್ನೊಂದೆಡೆ ಬಿಟ್ಟರೆ ಸ್ಪಿಂಡಲ್ ಒಂದೇ ಬದಿಗೆ ಸವೆದಿದೆ ಎಂದರ್ಥ.

ಬುಲೆಟ್ 350ಕ್ಕೆ ಸ್ವಿಂಗ್ ಆರ್ಮ್ ಬಂದುದು 1949ರಲ್ಲಿ. ಆಗ ಬ್ರಿಟನ್ನಿನ ಬಹಳಷ್ಟು ಬೈಕುಗಳಿಗೆ ಹಿಂಬದಿಯಲ್ಲಿ ಸಸ್ಪೆನ್ಷನ್ನೇ ಇರಲಿಲ್ಲ. 1955ರಲ್ಲಿ ಮದ್ರಾಸಿನಲ್ಲಿ ತಯಾರಿಕೆ ಆರಂಭವಾದ ಮೇಲೂ ದಶಕಗಳವರೆಗೆ ಮೂಲ ಏರ್ಪಾಡು ಅದೇ ಆಗಿತ್ತು. ಆದರೆ ಒಳಗಿನ ಬುಶ್ಶು ಎಲ್ಲ ಗಾಡಿಗಳಲ್ಲೂ ಒಂದೇ ಬಗೆಯದಲ್ಲ. ಕೆಲವುಗಳಲ್ಲಿ ಗ್ರೀಸ್ ಬೇಡುವ ಕಂಚಿನ ಬುಶ್, ಕೆಲವುಗಳಲ್ಲಿ ರಬ್ಬರಿನ ಸೈಲೆಂಟ್ ಬ್ಲಾಕ್ ಇರುತ್ತದೆ. ಹಿಂದೆ ಯಾರೋ ಬದಲಿಸಿರಲೂಬಹುದು. ಬಿಚ್ಚಿ ಕಣ್ಣಾರೆ ನೋಡಿದ ಮೇಲೆಯೇ ಬಿಡಿಭಾಗದ ಅಂಗಡಿಗೆ ಹೋಗುವುದು ಕ್ಷೇಮ.

ಮಲ್ಪೆಯಿಂದ, ಲೇತ್ ಕೆಲಸದವರು

ಮೇಲಿನವರು ಹೇಳಿದ್ದಕ್ಕೆ ಬುಶ್ಶಿನ ಕೆಲಸದ ಬಗ್ಗೆ ಮಾತ್ರ ಸೇರಿಸುತ್ತೇನೆ. ಬೋಟುಗಳ ಶಾಫ್ಟಿಗೆ ಗನ್‌ಮೆಟಲ್ (ಒಂದು ಬಗೆಯ ಕಂಚಿನ) ಬುಶ್ ಕಡೆಯುವವರು ನಮ್ಮ ಕಡೆ ಇರುವುದರಿಂದ ಸ್ವಿಂಗ್ ಆರ್ಮಿನ ಬುಶ್ ಮಾಡಿಸಲು ದೂರ ಹೋಗಬೇಕಿಲ್ಲ. ಹೊಸ ಬುಶ್ ಕಡೆಯುವ ಮೊದಲು ಸ್ಪಿಂಡಲನ್ನು ಮೈಕ್ರೋಮೀಟರಿನಿಂದ ಅಳೆಯಬೇಕು. ಬುಶ್ ಕೂರುವ ಎರಡು ಕಡೆಯ ವ್ಯಾಸವನ್ನೂ ಸವೆಯದೆ ಉಳಿದ ನಡುಭಾಗದ ವ್ಯಾಸವನ್ನೂ ಹೋಲಿಸಿದರೆ ಎಷ್ಟು ಸವೆದಿದೆ ಎಂಬುದು ಅಲ್ಲೇ ತಿಳಿಯುತ್ತದೆ. ಸವೆದ ಸ್ಪಿಂಡಲಿಗೆ ಹೊಸ ಬುಶ್ ತೊಡಿಸಿದರೆ ಸಡಿಲ ಸ್ವಲ್ಪ ಕಡಿಮೆಯಾಗುತ್ತದೆಯೇ ಹೊರತು ಹೋಗುವುದಿಲ್ಲ.

ಗಿರಾಕಿಗಳು ಅವಸರಪಡುವುದು ಮುಂದಿನ ಹಂತದಲ್ಲಿ. ಬುಶ್ಶನ್ನು ಪ್ರೆಸ್ಸಿನಿಂದ ಒತ್ತಿ ಕೂರಿಸಿದಾಗ ಅದರ ಒಳರಂಧ್ರ ತುಸು ಕಿರಿದಾಗುತ್ತದೆ. ಆದ್ದರಿಂದ ಲೇತಿನಲ್ಲೇ ಅಂತಿಮ ಅಳತೆಗೆ ತರದೆ, ಕೂರಿಸಿದ ಮೇಲೆ ಎರಡೂ ಬುಶ್ಶುಗಳ ಮೂಲಕ, ರಂಧ್ರವನ್ನು ಸರಿ ಅಳತೆಗೆ ಕೆರೆಯುವ ಒಂದೇ ಉದ್ದನೆಯ ರೀಮರನ್ನು ಹಾಯಿಸಬೇಕು. ಒಂದೊಂದನ್ನೇ ಬೇರೆ ಬೇರೆಯಾಗಿ ರೀಮ್ ಮಾಡಿದರೆ ರಂಧ್ರಗಳು ಒಂದೇ ಸಾಲಿಗೆ ಬರುವುದಿಲ್ಲ, ಆಗ ಸ್ಪಿಂಡಲ್ ಬಿಗಿಯಾಗಿ ಹೋಗುತ್ತದೆ. ಗಿರಾಕಿ ಅದನ್ನೇ ಒಳ್ಳೆಯ ಫಿಟ್ಟಿಂಗ್ ಎಂದು ಭಾವಿಸುತ್ತಾರೆ. ಬುಶ್ಶಿನ ಒಳಗೆ ಗ್ರೀಸ್ ಹರಿಯುವ ತೋಡು ಕೊರೆಸಿ, ಅದರ ತೂತು ಗ್ರೀಸ್ ತುಂಬುವ ನಿಪ್ಪಲಿನ ಎದುರಿಗೇ ಬರುವಂತೆ ಕೂರಿಸಲು ಹೇಳಿರಿ. ಗ್ರೀಸಿನ ವಿಚಾರದಲ್ಲಿ ಬೋಟಿನವರು ಬಳಸುವ, ನೀರಿಗೆ ತೊಳೆದುಹೋಗದ ಗ್ರೀಸೇ ನಮ್ಮ ಕರಾವಳಿಗೆ ತಕ್ಕುದು.

ಇನ್ನೊಂದು ಮಾತು. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟುಗಳ ದುರಸ್ತಿಯೆಲ್ಲ ಆಗಲೇ ನಡೆಯುತ್ತದೆ. ಆ ಹೊತ್ತಿಗೆ ಬಂದರೆ ಒಂದು ಜೋಡಿ ಬುಶ್ಶಿಗೆ ಯಾರೂ ಲೇತ್ ಬಿಟ್ಟುಕೊಡುವುದಿಲ್ಲ.

ಸುರತ್ಕಲ್‌ನಿಂದ

ಶಾಕ್ ಅಬ್ಸಾರ್ಬರ್ ಎಸೆಯುವ ಮಾತು ನನಗೂ ಒಪ್ಪಿಗೆಯಿಲ್ಲ. ಸ್ಪ್ರಿಂಗನ್ನು ಕಂಪ್ರೆಸರ್ ಇಲ್ಲದೆ, ಇಬ್ಬರು ಒತ್ತಿ ಹಿಡಿದು ಬಿಚ್ಚುವ ಪದ್ಧತಿ ಹಲವೆಡೆ ಇದೆ. ದಯವಿಟ್ಟು ಅದಕ್ಕೆ ಅವಕಾಶ ಕೊಡಬೇಡಿ, ಹಾರಿದ ಸ್ಪ್ರಿಂಗ್ ಮುಖಕ್ಕೇ ಬರುತ್ತದೆ. ಸ್ಪ್ರಿಂಗ್ ತೆಗೆದ ಮೇಲೆ ಉಳಿಯುವ, ಎಣ್ಣೆ ತುಂಬಿದ ಡ್ಯಾಂಪರನ್ನು ನೆಟ್ಟಗೆ ನಿಲ್ಲಿಸಿ, ಒಳಗಿನ ಗಾಳಿ ಮೇಲೇರುವವರೆಗೆ ಕೆಲವು ಬಾರಿ ಒತ್ತಿ ಎಳೆಯಿರಿ. ಅನಂತರ ಒತ್ತುವಾಗ ಸ್ವಲ್ಪ, ಎಳೆಯುವಾಗ ಹೆಚ್ಚು ತಡೆ ಆದ್ಯಂತ ಸಮನಾಗಿ ಸಿಗಬೇಕು. ಮಧ್ಯದಲ್ಲಿ ಪೊಳ್ಳಾದಂತೆ ಸರ್ರನೆ ಜಾರಿದರೆ ಎಣ್ಣೆ ಕಡಿಮೆಯಾಗಿದೆ ಅಥವಾ ವಾಲ್ವ್ ಕೆಟ್ಟಿದೆ.

ಕಡಲ ಉಪ್ಪುಗಾಳಿಗೆ ಮೊದಲು ಬಲಿಯಾಗುವುದು ಡ್ಯಾಂಪರಿನ ರಾಡ್. ಅದರ ಕ್ರೋಮಿನಲ್ಲಿ ಸಾಸಿವೆ ಗಾತ್ರದ ತುಕ್ಕಿನ ಕುಳಿ ಬಿದ್ದರೂ ಸಾಕು, ಪ್ರತಿ ಏರಿಳಿತಕ್ಕೂ ಅದು ಆಯಿಲ್ ಸೀಲನ್ನು ಕೆರೆಯುತ್ತದೆ. ಸೀಲ್ ಮಾತ್ರ ಬದಲಿಸಿದವರ ಗಾಡಿ ಮುಂದಿನ ಮಳೆಗಾಲಕ್ಕೆ ಮತ್ತೆ ಸೋರುವುದು ಇದರಿಂದಲೇ. ರಾಡಿಗೆ ಹಾರ್ಡ್ ಕ್ರೋಮ್ ಹಾಕಿಸಿ, ಗ್ರೈಂಡಿಂಗ್ ಮಾಡಿಸಿ, ಅಳತೆ ಸರಿನೋಡಿ ಸೀಲ್ ಕೂರಿಸಬೇಕು. ಎಣ್ಣೆ ಎರಡೂ ಕಡೆ ಒಂದೇ ಬಗೆಯದು, ಒಂದೇ ಪ್ರಮಾಣದ್ದು ಇರಲಿ. ಗಟ್ಟಿಯಾಗಲೆಂದು ಎಂಜಿನ್ ಎಣ್ಣೆ ಸುರಿಯುವವರಿದ್ದಾರೆ. ಅತಿ ದಪ್ಪ ಎಣ್ಣೆಯಿಂದ ಒಂದು ಹೊಂಡದಲ್ಲಿ ಮೇಲೆ ಹೋದ ಚಕ್ರ ಕೆಳಗಿಳಿಯುವ ಮೊದಲೇ ಮುಂದಿನ ಹೊಂಡ ಬಂದುಬಿಡುತ್ತದೆ.

ಇದೆಲ್ಲ ಬಿಚ್ಚಲು ಬರುವಂತೆ ತಿರುಪಿನ ಮುಚ್ಚಳವಿರುವ ಡ್ಯಾಂಪರಿಗೆ ಮಾತ್ರ ಅನ್ವಯ. ಮುಚ್ಚಳವನ್ನು ಒತ್ತಿ ಮಡಿಸಿ ಮುಚ್ಚಿದ್ದರೆ ಹೊಸ ಜೋಡಿಯೇ ದಾರಿ.

ಕಾರ್ಕಳದಿಂದ

ನನ್ನ ಅಭಿಪ್ರಾಯ ತುಸು ಬೇರೆ. ವಾರಾಂತ್ಯಕ್ಕೆ ಹೊರಡುವ ಗಾಡಿಗೆ ಮೂಲ ಡ್ಯಾಂಪರ್ ಸೊಗಸು, ಆದರೆ ದಿನನಿತ್ಯ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುವುದಾದರೆ ಗ್ಯಾಸ್ ಜೋಡಿಯನ್ನು ಅಷ್ಟಾಗಿ ಹೀಗಳೆಯಬೇಕಿಲ್ಲ. ಕೊಳ್ಳುವಾಗ ಮೇಲಿನ ಕಣ್ಣಿನಿಂದ (ಬೋಲ್ಟು ಹಾಯುವ ಬಳೆಯಿಂದ) ಕೆಳಗಿನ ಕಣ್ಣಿನವರೆಗಿನ ಉದ್ದ ಹಳೆಯದಕ್ಕೆ ಸಮನಿರಬೇಕು; ಉದ್ದ ಹೆಚ್ಚಿದರೆ ಸೆಂಟರ್ ಸ್ಟ್ಯಾಂಡಿನಲ್ಲಿ ಹಿಂಚಕ್ರ ನೆಲ ಮುಟ್ಟುತ್ತದೆ. ಹಾಳಾದ ಗ್ಯಾಸ್ ಡ್ಯಾಂಪರನ್ನು ಕೊರೆಯಲು, ಬೆಸುಗೆ ಹಾಕಲು ಯಾರಿಗೂ ಬಿಡಬೇಡಿ. ಒಳಗೆ ಒತ್ತಡವಿರುತ್ತದೆ.

ರಬ್ಬರಿನ ಸೈಲೆಂಟ್ ಬ್ಲಾಕ್ ಸಿಕ್ಕಿದವರಿಗೊಂದು ಸೂಚನೆ. ಸ್ಪಿಂಡಲಿನ ನಟ್ಟನ್ನು ಗಾಡಿ ಸ್ಟ್ಯಾಂಡಿನ ಮೇಲೆ ಚಕ್ರ ತೂಗಾಡುತ್ತಿರುವಾಗ ಬಿಗಿದರೆ ರಬ್ಬರು ಆ ಭಂಗಿಯಲ್ಲೇ ಕಚ್ಚಿಕೊಳ್ಳುತ್ತದೆ, ಸವಾರ ಕುಳಿತ ಕ್ಷಣದಿಂದ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಚಕ್ರ ನೆಲದ ಮೇಲಿದ್ದು, ಒಬ್ಬರು ಸೀಟಿನಲ್ಲಿ ಕುಳಿತಿರುವಾಗ ಕೊನೆಯ ಬಿಗಿತ ಕೊಡಬೇಕು. ಅದಕ್ಕೆ ಗ್ರೀಸ್ ಹಚ್ಚಲೂಬಾರದು.

ಕೇಳಿದವರು, ಕದ್ರಿ

ಎಲ್ಲರಿಗೂ ಧನ್ಯವಾದ. ಪರೀಕ್ಷಿಸಿದಾಗ ಆರ್ಮಿನ ತುದಿಯೂ ಅಲುಗುತ್ತಿದೆ. ನಿಪ್ಪಲ್ ಇರುವುದರಿಂದ ಒಳಗಿರುವುದು ಕಂಚಿನ ಬುಶ್ಶೇ ಇರಬೇಕು. ಆದರೆ ಬಿಚ್ಚಲು ಹೋದರೆ ಸ್ಪಿಂಡಲ್ ಜಗ್ಗುತ್ತಿಲ್ಲ. ಎಡಬದಿಯ ಸದ್ದಿಗೆ ಕಾರಣ ಶಾಕ್ ಅಬ್ಸಾರ್ಬರ್‌ನ ಕೆಳಗಿನ ಕಣ್ಣಿನ ರಬ್ಬರ್ ಬುಶ್ ಪುಡಿಯಾಗಿರುವುದು ಎಂದು ಗೊತ್ತಾಯಿತು.

ಉಡುಪಿಯಿಂದ, ಮೊದಲು ಉತ್ತರಿಸಿದವರು

ಸದ್ದು ಅಗ್ಗದಲ್ಲೇ ಮುಗಿಯಿತು. ನಿಪ್ಪಲ್ ಕಂಡಿದ್ದರೂ ಬುಶ್ಶು ಯಾವುದೆಂಬ ತೀರ್ಮಾನ ಬಿಚ್ಚಿದ ಮೇಲೆ ಇರಲಿ. ಸ್ಪಿಂಡಲಿಗೆ ಬರಿಯ ಸುತ್ತಿಗೆ ತಾಗಿಸಬೇಡಿ. ತುದಿ ಹೂವಿನಂತೆ ಅರಳಿದರೆ ಅದು ಬುಶ್ಶಿನೊಳಗಿಂದ ಹೊರಬರುವುದೇ ಇಲ್ಲ. ತುಕ್ಕು ಬಿಡಿಸುವ ಎಣ್ಣೆಯನ್ನು ಎರಡೂ ಬದಿಗೆ ದಿನವೂ ಹಾಕುತ್ತ, ಅವಸರವಿಲ್ಲದೆ ನೆನೆಯಲು ಬಿಡಿ. ಅನಂತರ ನಟ್ಟನ್ನು ಸ್ಪಿಂಡಲಿನ ತಿರುಪಿನ ತುದಿಗೆ ಸಮನಾಗಿ ತಿರುಗಿಸಿಟ್ಟು, ಮೇಲೆ ಹಿತ್ತಾಳೆಯ ತುಂಡು ಹಿಡಿದು ಹೊಡೆಯಬಹುದು. ಆಗಲೂ ಬರದಿದ್ದರೆ ಫ್ರೇಮನ್ನು ಹೈಡ್ರಾಲಿಕ್ ಪ್ರೆಸ್ ಇರುವಲ್ಲಿಗೆ ಒಯ್ಯಿರಿ, ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಿದರೆ ಸಿಗುತ್ತದೆ. ಆರ್ಮ್ ಹೊರಬಂದ ಮೇಲೆ ಅದರ ಕೊಳವೆಯ ಕೆಳಮೈಯನ್ನು ಬಣ್ಣ ಕೆರೆದು ನೋಡಿ. ಕೆಂಪು ಕೆಸರು ಅಂಟಿ ಒಣಗುವ ಜಾಗದಲ್ಲಿ ತುಕ್ಕು ಒಳಗಿಂದಲೇ ತಿಂದಿರಬಹುದು.

ಜೋಡಿಸಿದ ಮೇಲೆ ಚೈನ್ ಬಿಗಿಯುವಾಗ ಗೇರ್‌ಬಾಕ್ಸಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ ಸ್ಪಿಂಡಲ್, ಹಿಂಚಕ್ರದ ಆಕ್ಸಲ್ ಮೂರೂ ಒಂದೇ ಗೆರೆಗೆ ಬರುವಂತೆ ಹಿಂಬದಿಯನ್ನು ಒತ್ತಿ ಹಿಡಿಯಿರಿ. ಚೈನ್ ಅತಿ ಬಿಗಿಯಾಗುವುದು ಆ ಸ್ಥಿತಿಯಲ್ಲಿ. ಅಲ್ಲಿ ಸಡಿಲ ಉಳಿಯದಿದ್ದರೆ ಗೇರ್‌ಬಾಕ್ಸಿನ ಬೇರಿಂಗಿಗೆ ಪೆಟ್ಟು. ಆಕ್ಸಲಿನ ಎರಡೂ ಬದಿಯ, ಚೈನಿನ ಬಿಗಿತ ಹೊಂದಿಸುವ ಸ್ನೇಲ್ ಕ್ಯಾಮ್‌ಗಳು ಒಂದೇ ಹಲ್ಲಿನಲ್ಲಿ ನಿಂತಿವೆಯೆಂದು ನಂಬಿ ಕೂರಬೇಡಿ, ಆರ್ಮ್ ತುಸು ಸೊಟ್ಟಗಿದ್ದರೆ ಆ ಲೆಕ್ಕ ತಪ್ಪುತ್ತದೆ. ಹಿಂದಿನ ಟೈರಿನಿಂದ ಮುಂದಿನ ಟೈರಿನವರೆಗೆ ಎರಡೂ ಪಕ್ಕದಲ್ಲಿ ದಾರ ಎಳೆದು ನೋಡಿ. ಹಿಂದಿನ ಟೈರು ಅಗಲವಿದ್ದರೆ ಮುಂಚಕ್ರದ ಬಳಿ ಎರಡೂ ಕಡೆ ಸಮನಾದ ಸಂದು ಉಳಿಯಬೇಕು. ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕ ಸ್ಪಿಂಡಲಿನ ನಟ್ಟನ್ನು ಮತ್ತೊಮ್ಮೆ ಪರೀಕ್ಷಿಸಿ, ಹೊಸ ಗ್ರೀಸ್ ಬುಶ್ಶಿನ ಅಂಚಿನಿಂದ ಹೊರಬರುವವರೆಗೆ ಗನ್ ಒತ್ತಿರಿ.