ಹವೆ ಒಂದೇ ಕಡೆ ಬೀಡುಬಿಟ್ಟರೆ ಮೊದಲೇ ಗೊತ್ತಾಗುತ್ತಾ?

ಪ್ರಶ್ನೆ: ಸರ್, ನಾವಿರುವುದು ಸಿಯಾಟಲ್‌ನಲ್ಲಿ. 2021ರ ಜೂನ್ 28ರಂದು ಇಲ್ಲಿ 42 ಡಿಗ್ರಿ ದಾಟಿತ್ತು. ಮನೆಯಲ್ಲಿ ಎ.ಸಿ. ಇಲ್ಲ. ಕಿಟಕಿಗೆ ಒದ್ದೆ ಪಂಚೆ ಕಟ್ಟಿ, ಅತ್ತೆಯನ್ನು ಅದರ ಪಕ್ಕ ಕೂರಿಸಿದ್ದೆವು. ‘ಬ್ಲಾಕಿಂಗ್’ ಆಗಿದೆ ಅಂದರು. ಇದು ಎಷ್ಟು ದಿನ ಮುಂಚೆ ಗೊತ್ತಾಗುತ್ತೆ?

ಉತ್ತರ: ನಿಮ್ಮ ಕಡೆ ಮೇಲ್ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತೆ, ಮಳೆ ಮೋಡಗಳನ್ನೂ ತಳ್ಳಿಕೊಂಡು ಹೋಗುತ್ತೆ. ಕೆಲವೊಮ್ಮೆ ದಾರಿಯಲ್ಲಿ ಹೆಚ್ಚು ಒತ್ತಡದ ಗಾಳಿ ಬೀಡುಬಿಡುತ್ತೆ, ಅದೇ ಬ್ಲಾಕಿಂಗ್. ಮೇಲ್ಗಾಳಿ ಅದನ್ನು ಬಳಸಿಕೊಂಡು ಹೋಗಬೇಕಾಗುತ್ತೆ. ಅದರಡಿ ಗಾಳಿ ಕೆಳಗಿಳಿದು, ಒತ್ತಿ, ಬಿಸಿಯಾಗುತ್ತೆ. ಮೋಡ ಕಟ್ಟುವುದಿಲ್ಲ.

ಹವಾಮಾನ ಮುನ್ಸೂಚನೆ ಮಾಡುವ ನಾವು ಮೊದಲು ನೋಡುವುದು 500 ಹೆಕ್ಟೊಪಾಸ್ಕಲ್ ನಕ್ಷೆ. ಹೆಕ್ಟೊಪಾಸ್ಕಲ್ ಅಂದರೆ ಗಾಳಿಯ ಒತ್ತಡದ ಅಳತೆ. ಒತ್ತಡ ಅಷ್ಟಕ್ಕೆ ಇಳಿಯುವ ಎತ್ತರ ಸುಮಾರು ಐದೂವರೆ ಕಿಲೋಮೀಟರ್. ಉತ್ತರಕ್ಕೆ ಹೋದಷ್ಟೂ ಈ ಎತ್ತರ ಇಳಿಯಬೇಕು. 40 ಡಿಗ್ರಿ ಅಕ್ಷಾಂಶಕ್ಕಿಂತ 60ರಲ್ಲೇ ಎತ್ತರ ಜಾಸ್ತಿ ಇದ್ದು, ಅಲ್ಲಿಂದ 80ರ ಕಡೆಗೆ ಕಡಿದಾಗಿ ಇಳಿದರೆ ಗಾಳಿಯ ದಿಕ್ಕು ತಿರುಗಿದೆ ಅಂತ ಅರ್ಥ. ಐದಾರು ದಿನ ಹಾಗೇ ಉಳಿದರೆ ಬ್ಲಾಕಿಂಗ್ ಅಂತೀವಿ. ಆದರೆ ಈ ಲೆಕ್ಕ ಒಂದನ್ನೇ ನಂಬಬಾರದು. 2021ರಲ್ಲಿ ಬಂದಂಥ, ಗ್ರೀಕ್ ಒಮೆಗಾ (Ω) ಅಕ್ಷರದ ಆಕಾರದ ಬ್ಲಾಕಿಂಗ್ ಇದರ ಕಣ್ಣು ತಪ್ಪಿಸಬಹುದು. ಆ ಜಾಗದ ವಾಡಿಕೆಯ ಎತ್ತರಕ್ಕಿಂತ ಎಷ್ಟು ಹೆಚ್ಚಿದೆ ಅಂತಲೂ ನಾನು ತಪ್ಪದೆ ನೋಡುತ್ತೇನೆ.

ಮುನ್ಸೂಚನೆಗೆ ಯುರೋಪಿನ ಹವಾಮಾನ ಕೇಂದ್ರ ಕಂಪ್ಯೂಟರಿನಲ್ಲಿ ಒಂದಲ್ಲ, 51 ಲೆಕ್ಕ ಹಾಕುತ್ತೆ. ಪ್ರತಿಯೊಂದರ ಆರಂಭದಲ್ಲೂ ಚೂರು ವ್ಯತ್ಯಾಸ. ಪ್ರತಿ ಲೆಕ್ಕದ ಎತ್ತರದ ಗೆರೆಗಳನ್ನೂ ಒಂದೇ ನಕ್ಷೆಯಲ್ಲಿ ಎಳೆದರೆ ಮೊದಲ ದಿನಗಳಲ್ಲಿ ಒಂದೇ ಹುರಿಯಂತೆ ಕಾಣುತ್ತವೆ, ಆಮೇಲೆ ಶಾವಿಗೆ ಚೆಲ್ಲಿದ ಹಾಗೆ. ಏಳೆಂಟನೇ ದಿನಕ್ಕೂ ಹೆಚ್ಚಿನ ಗೆರೆಗಳು ಒಂದೇ ಕಡೆ ಉಬ್ಬಿದ್ದರೆ ನಾವು ಎಚ್ಚರವಾಗುತ್ತೇವೆ. 2021ರಲ್ಲೂ ಸುಮಾರು ವಾರ ಮುಂಚೆಯೇ ಸುಳಿವಿತ್ತು.

ಕಷ್ಟ ಇರುವುದು ಅದು ಕೂರುವ ಗಳಿಗೆ, ಏಳುವ ಗಳಿಗೆ ಹೇಳುವುದರಲ್ಲಿ. ಪಶ್ಚಿಮದ ಸಮುದ್ರದ ಮೇಲಿನ ಬಿರುಗಾಳಿ ಮಳೆಯಲ್ಲಿ ಬಿಡುಗಡೆಯಾಗುವ ಶಾಖವೂ ಈ ಉಬ್ಬನ್ನು ಬೆಳೆಸುತ್ತೆ. ಅದರ ಲೆಕ್ಕ ತಪ್ಪಿದರೆ ಉಳಿದದ್ದೂ ತಪ್ಪುತ್ತೆ. ಈ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳು ಬ್ಲಾಕಿಂಗನ್ನು ಬೇಗ ಒಡೆದುಬಿಡುವುದೂ ಉಂಟು. ಹಾಗಾಗಿ ‘ನಾಳಿದ್ದು ಸೆಕೆ ಇಳಿಯುತ್ತೆ’ ಅಂತ ಕಂಡರೂ ಅತ್ತೆಗೆ ತಂಪಾದ ಜಾಗದ ಏರ್ಪಾಡು ಇನ್ನೆರಡು ದಿನ ಇರಲಿ.

ಇನ್ನೊಬ್ಬರು: ನಮ್ಮ ಮುಂಗಾರಿಗೂ ಇದಕ್ಕೂ ನಂಟಿದೆಯಾ ಸರ್?

ಉತ್ತರ: ಕರ್ನಾಟಕದ ಮೇಲೆ ಇಂಥದ್ದು ಬಂದು ಕೂರುವುದಿಲ್ಲ ಮೇಡಂ, ಇದು ಹೆಚ್ಚಾಗಿ ಉತ್ತರದ ತಂಪು ದೇಶಗಳ ಕಥೆ. ಆದರೆ 2010ರಲ್ಲಿ ರಷ್ಯಾದ ಮೇಲೆ ವಾರಗಟ್ಟಲೆ ಕೂತಿತ್ತು. ಜುಲೈ 29ಕ್ಕೆ ಮಾಸ್ಕೋದಲ್ಲಿ 38.2 ಡಿಗ್ರಿ. ಅದರ ಪೂರ್ವಕ್ಕೆ ಬಾಗಿ ದಕ್ಷಿಣಕ್ಕೆ ಇಳಿದ ಮೇಲ್ಗಾಳಿ ಉತ್ತರ ಪಾಕಿಸ್ತಾನದ ಹತ್ತಿರ ಮುಂಗಾರಿನ ತೇವಕ್ಕೆ ಎದುರಾಯಿತು. ಅದೇ ವಾರ ಅಲ್ಲಿ ಭೀಕರ ನೆರೆ ಶುರುವಾಯಿತು.