ಪದಚರ್ಚೆ: ‘ಲೂಸಿಂಗ್ ಸೀಸನ್’ಗೆ ಕನ್ನಡದಲ್ಲಿ ಏನನ್ನೋಣ?

ಬಳಗದವರಿಗೆ ನಮಸ್ಕಾರ.

ಅಮೆರಿಕದ ಕಾಲೇಜು ಫುಟ್‌ಬಾಲಿನ ಹಳೆಯ ದಿನಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ಲೂಸಿಂಗ್ ಸೀಸನ್’ ಎಂಬಲ್ಲಿ ಬಂದು ನಿಂತಿದ್ದೇನೆ. ಅಲ್ಲಿಯವರಿಗೆ ಇದರ ಅರ್ಥ ಖಚಿತ: ಆ ವರ್ಷ ತಂಡ ಗೆದ್ದದ್ದಕ್ಕಿಂತ ಸೋತದ್ದು ಹೆಚ್ಚು. ಎಲ್ಲವನ್ನೂ ಸೋತಿರಬೇಕೆಂದೇನಿಲ್ಲ.

ನನ್ನ ಉದಾಹರಣೆ ಅಟ್ಲಾಂಟಾದ ಜಾರ್ಜಿಯಾ ಟೆಕ್ ಎಂಬ ಕಾಲೇಜಿನ ತಂಡ. 1902ರಲ್ಲಿ ಅವರು ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಆರು ಸೋಲು, ಎರಡು ಸಮ. 1903ರಲ್ಲಿ ಕೆಲವನ್ನು ಗೆದ್ದರು, ಸೋತದ್ದೇ ಹೆಚ್ಚು. ಕ್ಲೆಮ್ಸನ್ ಕಾಲೇಜು ಅವರನ್ನು 73-0ರಿಂದ ಚಚ್ಚಿಹಾಕಿದ್ದು ಆ ವರ್ಷವೇ. (ಇವು ಗೋಲುಗಳಲ್ಲ, ಪಾಯಿಂಟುಗಳು. ಅವರ ಫುಟ್‌ಬಾಲು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೆಯೇ ಆಟ.) ಏಟು ತಿಂದ ಟೆಕ್‌ನವರು ಮಾಡಿದ ಜಾಣತನವೆಂದರೆ ಕ್ಲೆಮ್ಸನ್ನಿನ ಕೋಚ್ ಜಾನ್ ಹೈಸ್ಮನ್‌ರನ್ನೇ 1904ಕ್ಕೆ ತಮ್ಮಲ್ಲಿಗೆ ಕರೆತಂದದ್ದು. 1916ರಲ್ಲಿ ಕಂಬರ್ಲೆಂಡ್ ಕಾಲೇಜನ್ನು 222-0ರಿಂದ ಸೋಲಿಸಿದ ಟೆಕ್ ತಂಡಕ್ಕೂ ಕೋಚ್ ಅವರೇ.

1902, 1903 ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಮಾತು ಸಲ್ಲುತ್ತದೆ. ನಾನು ‘ಸೋಲಿನ ಋತು’ ಎಂದು ಬರೆದರೆ 1903ರಲ್ಲೂ ಬರಿಗೈ ಎಂದೇ ಓದುಗರು ತಿಳಿಯುತ್ತಾರೆ. ಪದಕ್ಕೆ ಪದ ಇಟ್ಟು ‘ಕಳೆದುಕೊಳ್ಳುವ ಋತು’ ಎಂದರೆ ಭಾವಗೀತೆಯಾದೀತು, ಕ್ರೀಡಾವರದಿಯಂತೂ ಆಗದು. ಸದ್ಯಕ್ಕೆ ‘ಸೋಲೇ ಹೆಚ್ಚಾದ’ ಎಂದು ಬಿಡಿಸಿ ಬರೆದಿದ್ದೇನೆ. ಉದ್ದವಾಯಿತು, ಆದರೆ ತಪ್ಪಿಲ್ಲ.

ಇನ್ನು ‘ಸೀಸನ್’. ಪತ್ರಿಕೆಗಳು ರಣಜಿಗೆ ‘ಋತು’ ಎನ್ನುತ್ತವೆ, ಐಪಿಎಲ್‌ಗೆ ‘ಆವೃತ್ತಿ’. ಆವೃತ್ತಿ ಒಂದು ಟೂರ್ನಿಗೆ ಸರಿ. ಆಗಿನ ಕಾಲೇಜು ತಂಡ ಒಬ್ಬೊಬ್ಬರ ಜೊತೆ ಬಿಡಿಬಿಡಿಯಾಗಿ ಪಂದ್ಯ ಗೊತ್ತುಮಾಡಿಕೊಂಡು ಆಡುತ್ತಿತ್ತು, ಅದಕ್ಕೆ ಆ ಪದ ಒಗ್ಗದು. ಅವರ ಆಟ ನಡೆಯುತ್ತಿದ್ದದ್ದು ಎಲೆ ಉದುರುವ ಕಾಲದಲ್ಲೇ, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಮುಗಿಯುತ್ತಿತ್ತು. ಹಾಗಾಗಿ ‘ಋತು’ವನ್ನು ಸುಳ್ಳೆನ್ನಲಾರೆ. ಆದರೂ ನನಗೆ ‘ಹಂಗಾಮು’ ಹೆಚ್ಚು ಹಿಡಿಸುತ್ತದೆ. ಹಿಂಗಾರು ಹಂಗಾಮು, ಕಬ್ಬು ನುರಿಸುವ ಹಂಗಾಮು ಎನ್ನುವಾಗ ಅದರಲ್ಲಿ ಕಾಲವೂ ಇದೆ, ಆ ಕಾಲದ ಕೆಲಸವೂ ಇದೆ. ‘ಹಂಗಾಮು ಕೈಕೊಟ್ಟಿತು’ ಎಂದರೆ ಬೆಳೆ ಪೂರ್ತಿ ಹೋಯಿತೆಂದೇನೂ ಅಲ್ಲವಲ್ಲ.

ಕರಾವಳಿಯವರಲ್ಲಿ ಇನ್ನೊಂದು ಪದವಿದೆ: ಯಕ್ಷಗಾನ ಮೇಳಗಳ ‘ತಿರುಗಾಟ’. ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಪತ್ತನಾಜೆಯ ದಿನಕ್ಕೆ ಮುಗಿಯುವ ಆ ಒಂದು ವರ್ಷದ ಆಟಗಳನ್ನೆಲ್ಲ ಒಟ್ಟಾಗಿ ಹೇಳುವ ಮಾತು. ಊರೂರು ಸುತ್ತುವ ತಂಡಕ್ಕೆ ಚೆನ್ನಾಗಿ ಹೊಂದುತ್ತದೆ, ಆದರೆ ಘಟ್ಟದ ಮೇಲಿನ ಓದುಗರಿಗೆ ಬರೀ ಅಲೆದಾಟ ಎನಿಸೀತು.

‘ಸಮ’ದ ಬಗ್ಗೆಯೂ ಅನುಮಾನವಿದೆ. 1902ರಲ್ಲಿ ಟೆಕ್ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯದ ಪಂದ್ಯ 0-0. ಅವರು ‘ಟೈ’ ಎನ್ನುತ್ತಾರೆ. ನಮ್ಮ ಫುಟ್‌ಬಾಲಿಗರು ‘ಡ್ರಾ’ ಎನ್ನುತ್ತಾರೆ. ಕ್ರಿಕೆಟ್ ಓದುಗರಿಗೆ ಇವೆರಡೂ ಬೇರೆಬೇರೆ. ‘ಸಮ’ ಎಂದರೆ ಸಾಕೆ?

ಬೆಂಗಳೂರಿನ ಆಸ್ಟಿನ್ ಟೌನ್ ಕಡೆ ಫುಟ್‌ಬಾಲ್ ಲೀಗ್ ಆಡಿದವರು ಬಳಗದಲ್ಲಿದ್ದರೆ ಹೇಳಿ: ಸೋಲೇ ಹೆಚ್ಚಾದ ವರ್ಷವನ್ನು ಮೈದಾನದಲ್ಲಿ ಏನೆನ್ನುತ್ತಿದ್ದಿರಿ? ಉತ್ತರ ಕರ್ನಾಟಕದವರು ‘ಹಂಗಾಮು’ ಪದವನ್ನು ಕುಸ್ತಿಗೋ ಕಬಡ್ಡಿಗೋ ಬಳಸಿದ್ದುಂಟೆ?